ಹನ್ನೊಂದು ಸೆಕೆಂಡು

ಕಾಯಿ ಮಂಡಿಯಿಂದ ಸಂತೆ ಬೀದಿಯವರೆಗೆ
ಅರಸೀಕೆರೆಯ ಒಂದೊಂದು ತಾರಸಿಯೂ ನನ್ನ ಕಾಲಿಗೆ ಗೊತ್ತು.
ಎಲ್ಲಿ ಪಾಚಿ ಜಾರುತ್ತೆ, ಎಲ್ಲಿ ಮೆಣಸಿನಕಾಯಿ ಹರವಿರುತ್ತಾರೆ,
ಯಾರ ಮನೆ ನಾಯಿ ಬೊಗಳಿ ಸುಮ್ಮನಾಗುತ್ತೆ, ಯಾರದು ಬೊಗಳದೆ ಕಚ್ಚುತ್ತೆ.
ಕೇಬಲ್ ಮರುಳಪ್ಪ ಅಂದರೆ ನಾನೇ.
ಒಂದು ಕಾಲಕ್ಕೆ ಎಂಟುನೂರು ಮನೆ.
ರಾತ್ರಿ ಒಂಬತ್ತಕ್ಕೆ ನಾನು ಹಾಕಿದ ಸಿನಿಮಾಕ್ಕೆ
ಊರೇ ಊಟದ ತಟ್ಟೆ ಹಿಡಿದು ಕೂರುತ್ತಿತ್ತು.
ಈಗ ನಲವತ್ತಮೂರು.
ಅದರಲ್ಲೂ ಆರು ಮನೆಯವರು ದಾಕ್ಷಿಣ್ಯಕ್ಕೆ ದುಡ್ಡು ಕೊಡುತ್ತಾರೆ.

ಮೊನ್ನೆ ಜಯಶೀಲ ಬಂದಳು, ಮೊಬೈಲು ಸೆರಗಿನಲ್ಲಿ ಸುತ್ತಿಕೊಂಡು,
ಮೈ ಸುಡುವ ಕೂಸನ್ನು ಡಾಕ್ಟರ ಹತ್ತಿರ ತಂದ ಹಾಗೆ.
"ಮರುಳಣ್ಣ, ಅವ್ವ ಬತ್ತಿಲ್ಲ. ನೋಡು."

ಅವಳವ್ವ ಸಾವಂತ್ರಮ್ಮ. ಮಂಡಿಯಲ್ಲಿ
ಮೂವತ್ತು ವರ್ಷ ಕಾಯಿ ಸುಲಿದವಳು.
ಸಿನಿಮಾದವರು ಬಂದಿದ್ದ ವರ್ಷ
ಡೈರೆಕ್ಟರ್ ಹುಡುಗ ಮಂಡಿಯೊಳಗೆಲ್ಲ ಅಲೆದು
ಕೊನೆಗೆ ಅವಳ ಮುಂದೆ ನಿಂತ: "ಅಮ್ಮಾ, ನೀವೇ."
ಹಣೆ ಒರೆಸಿಕೊಳ್ಳಬೇಕು, ತಿರುಗಬೇಕು, ಹೇಳಬೇಕು:
"ಆ ಬಸ್ಸು ಹೋಯ್ತು ಕಣಪ್ಪ. ಕೂತ್ಕೊ, ನೀರು ಕುಡಿ."
ಹನ್ನೊಂದು ಸೆಕೆಂಡು. ಹಿಂದೆ ಒಂದು ಗೂಡ್ಸ್ ರೈಲು.
ಮುನ್ನೂರು ರೂಪಾಯಿ, ಒಂದು ಪೊಟ್ಟಣ ಚಿತ್ರಾನ್ನ.

ಸಿನಿಮಾ ಟಾಕೀಸಿಗೆ ಬರಲೇ ಇಲ್ಲ. ನೇರ ಫೋನಿಗೆ ಬಂತು.
ನಾನು ಉರಿದುಕೊಂಡೆ, ನಿಜ ಹೇಳಬೇಕಲ್ಲ.
ಸಾವಂತ್ರಮ್ಮ ಮಗಳ ಅಂಗೈಯಲ್ಲಿ ತನ್ನನ್ನೇ ನೋಡಿ
"ಎಷ್ಟು ಕಪ್ಪಗೆ ಕಾಣ್ತೀನಿ" ಅಂದಳು, ಅಷ್ಟೆ.
ಅವಳು ಹೋದ ಮೇಲೆ ಜಯಶೀಲ ದಿನಾ ಸಂಜೆ ದೀಪ ಹಚ್ಚಿ
ಒಂದು ಗಂಟೆ ಹನ್ನೆರಡನೇ ನಿಮಿಷಕ್ಕೆ ಬೆರಳು ಎಳೆಯುತ್ತಿದ್ದಳು.
ಆ ಸಿನಿಮಾದ ಕಥೆ ಏನೆಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ.

ಈಗ ಆ ಜಾಗದಲ್ಲಿ ಒಂದು ಬೂದು ಚೌಕ.
"ಈ ಶೀರ್ಷಿಕೆ ಲಭ್ಯವಿಲ್ಲ."
ಹಲ್ಲಿನಲ್ಲಿ ವೈರು ಸುಲಿದವನು ನಾನು, ಗಾಜಿಗೆ ಏನು ಮಾಡಲಿ?
ಆರಿಸಿದೆ, ಹಚ್ಚಿದೆ, ಪಂಚೆಯಲ್ಲಿ ಒರೆಸಿದೆ.
ನಾಲ್ಕು ಕಡೆ ಕೇಳಿ ಆ ಡೈರೆಕ್ಟರ್ ಹುಡುಗನ ನಂಬರು ಹಿಡಿದೆ.
ಕೊಂಡಿದ್ದ ಕಂಪನಿಯನ್ನು ಇನ್ನೊಂದು ಕೊಂಡಿತಂತೆ,
ಅದನ್ನು ನುಂಗಲು ಮತ್ತೊಂದು ಸಾಲ ಎತ್ತಿತಂತೆ,
ಸಾಲದ ಲೆಕ್ಕ ಸರಿಮಾಡಲು ಇನ್ನೂರು ಸಿನಿಮಾ ಇಳಿಸಿದರಂತೆ,
ನಷ್ಟ ಅಂತ ಬರೆದುಕೊಂಡರೆ ತೆರಿಗೆ ಉಳಿಯುತ್ತದಂತೆ.
"ನನ್ನ ಹತ್ರಾನೂ ಇಲ್ಲ ಅಣ್ಣಾ," ಅಂದ.
"ನಾನೂ ಆ ಆ್ಯಪಿನಲ್ಲೇ ನೋಡ್ತಿದ್ದೆ."

ನಷ್ಟ!
ಸಾವಂತ್ರಮ್ಮ ಯಾರಿಗೆ ನಷ್ಟ ಮಾಡಿದ್ದಳು?
ಕಾಯಿಗಿಷ್ಟು ಪೈಸೆ ಅಂತ ಎಣಿಸಿ ಕೊಟ್ಟವರೇ
ನೂರಕ್ಕೆ ನಾಲ್ಕು ಹೆಚ್ಚೇ ಸುಲಿಸಿಕೊಂಡರು.

ನನ್ನ ಷೆಡ್ಡಿನಲ್ಲಿ ಆರು ಗೋಣಿಚೀಲ ಸೀಡಿ ಇವೆ,
ಬೂಷ್ಟು ಹಿಡಿದು ಕಾಮನಬಿಲ್ಲು ಬಿಟ್ಟುಕೊಂಡು.
ಕದ್ದ ಪ್ರತಿಗಳೇ ಬಹಳ, ಸುಳ್ಳೇಕೆ.
ಆದರೆ ಕದ್ದವನ ಮನೆಯಲ್ಲಿ ಪದಾರ್ಥವಾದರೂ ಇರುತ್ತೆ.

ಮದುವೆ ಮನೆಗೆ ಒಯ್ಯುತ್ತಿದ್ದ ಹಳೇ ಕ್ಯಾಮೆರಾ ತೆಗೆದೆ.
"ನೀನೇ ಹೇಳು ಆ ಮಾತ್ನ. ಅವ್ವನ ಥರಾನೇ ಇದೀಯ.
ಲೋಕಲ್ ಚಾನೆಲ್ಲಿಗೆ ಹಾಕ್ತೀನಿ."
ಜಯಶೀಲ ನನ್ನನ್ನು ನೋಡಿದ ನೋಟ!
"ಅದು ನಾನು, ಮರುಳಣ್ಣ. ಅವ್ವ ಅಲ್ಲ."

ಆಮೇಲೆ ರವಿಕೆಯೊಳಗಿಂದ ಒಂದು ಕಾಗದ ತೆಗೆದಳು,
ಸಿನಿಮಾದವರ ವೋಚರು. ಓದಿ ಹೇಳಿದೆ:
ಈ ಮುಖ, ಈ ದನಿ, ಈ ನಡೆ, ಈಗಿರುವ ಮುಂದೆ ಬರುವ
ಎಲ್ಲ ಮಾಧ್ಯಮಗಳಲ್ಲಿ, ಸಮಸ್ತ ಬ್ರಹ್ಮಾಂಡದಲ್ಲಿ, ಶಾಶ್ವತವಾಗಿ.
ಕೆಳಗೆ ನೀಲಿ ಹೆಬ್ಬೆಟ್ಟು.
ಸುಲಿದು ಸುಲಿದು ಗೆರೆ ಅರ್ಧ ಸವೆದಿದೆ,
ನಡುವಿನ ಸುಳಿ ಮಾತ್ರ ನೆಟ್ಟಗೆ ಮೂಡಿದೆ.
ಅದನ್ನೇ ಟ್ಯೂಬ್‌ಲೈಟಿಗೆ ಹಿಡಿದು ನೋಡುತ್ತಾ ಕೂತಳು.

ಅಷ್ಟರಲ್ಲಿ ಫೋನು. ಹಾಸನ ರಸ್ತೆಯ ಮೇಷ್ಟ್ರು:
"ಏನಯ್ಯಾ, ನೀಲಿ ಪರದೆ ಬಿಟ್ಟರೆ ಏನೂ ಬರ್ತಿಲ್ಲ!"
ಏಣಿ ಹೆಗಲಿಗೆ ಏರಿಸಿದೆ.
ಬಾಗಿಲಲ್ಲಿ ತಿರುಗಿ, ಹಣೆ ಒರೆಸಿಕೊಂಡು,
ಕೂತ್ಕೊ, ನೀರು ಕುಡಿ, ಬಂದೆ, ಅಂದೆ.