ನಡುವಿನ ಹಾಳೆಗಳು

ಕ್ಯಾತಮಾರನಹಳ್ಳಿಯ ಹಿಟ್ಟಿನ ಗಿರಣಿಯ ಮೇಲೆ
ನಮ್ಮ ಕೋಣೆ. ಬಾಡಿಗೆ ಮೂವರ ಪಾಲು.
ಯಾರದೋ ಹಳೇ ಕಿಟಕಿಯ ಗಾಜು, ಅಡಿಗೊಂದು ಟ್ಯೂಬ್‌ಲೈಟು,
ಇಷ್ಟೇ ನಮ್ಮ ಬೆಳಕಿನ ಮೇಜು.
ಸಂಜೆ ನಾಲ್ಕಕ್ಕೆ ಕೆಳಗೆ ರಾಗಿ ಸುರಿದರೆ
ಮೇಲೆ ಗೆರೆ ನಡುಗುತ್ತದೆ.
ಮೊದಮೊದಲು ಅಳಿಸಿ ತಿದ್ದುತ್ತಿದ್ದೆವು.
ಈಗ ಬಿಟ್ಟಿದ್ದೇವೆ. ಅಜ್ಜಿಯ ಚಿತ್ರ ತಾನೆ,
ಸ್ವಲ್ಪ ನಡುಗಲಿ.

ಮುಖ್ಯ ಭಂಗಿಗಳೆಲ್ಲ ಸುಹೇಲನವು.
ಅಜ್ಜಿ ಕೂತಿದ್ದಾಳೆ: ಒಂದು ಹಾಳೆ.
ಅಜ್ಜಿ ನಿಂತಿದ್ದಾಳೆ: ಇನ್ನೊಂದು.
ಎರಡರ ನಡುವಿನ ಇಪ್ಪತ್ತೆರಡು
ನನ್ನವು.
ಬಣ್ಣ ಮೇದಿನಿಯದು. ನಾಯಿಯ ದನಿಯೂ ಅವಳದೇ,
ಬಚ್ಚಲಲ್ಲಿ ಕಂಬಳಿ ಹೊದ್ದು
ಮೊಬೈಲಿಗೆ ಬೊಗಳಿದ್ದು.

ನಡುವಿನ ಹಾಳೆಗೆ ಹೆಸರಿಲ್ಲ.
ಸೆಕೆಂಡಿಗೆ ಹನ್ನೆರಡು ಸರಿದುಹೋಗುತ್ತವೆ,
ಕಣ್ಣು ಒಂದನ್ನೂ ಹಿಡಿದಿಡುವುದಿಲ್ಲ.
ಹೋಗಲಿ ಎಂದು ಒಂದನ್ನು ಬಿಟ್ಟರೆ
ಎಲ್ಲೋ ಎಡವಿತು ಅನ್ನುತ್ತದೆ
ಅದೇ ಕಣ್ಣು.

ನಾನು ಬರೆದ ಅಜ್ಜಿ ಏಳುತ್ತಿರಲಿಲ್ಲ, ಚಿಮ್ಮುತ್ತಿದ್ದಳು.
ಮೂರು ಸಲ ಬರೆದೆ.
ಮೂರು ಸಲವೂ ಸುಹೇಲ ತುಟಿ ಕಚ್ಚಿ ಸುಮ್ಮನಾದ.

ಕೊನೆಗೆ ಅವ್ವನನ್ನು ಕೇಳಿದೆ.
ಅವ್ವ ಊದುಬತ್ತಿ ಹೊಸೆಯುತ್ತಾಳೆ. ಮುಂದೊಂದು ಮಣೆ,
ಪಕ್ಕಕ್ಕೆ ಕಡ್ಡಿಯ ಕಟ್ಟು, ಅಂಗೈ ತುಂಬ ಇದ್ದಿಲ ಕಪ್ಪು.
"ಒಂಚೂರು ಎದ್ದೇಳವ್ವ, ನೋಡ್ತೀನಿ."
"ಯಾಕೆ, ಬೆಂಕಿ ಬಿತ್ತಾ?"
ಎದ್ದಳು. ಇನ್ನೊಂದ್ಸಲ ಅಂದೆ, ಎದ್ದಳು.
ಐದನೆಯದಕ್ಕೆ ಬೈದಳು:
"ನಂಗೆ ಸಾವಿರಕ್ಕಿಷ್ಟು ಅಂತ ಲೆಕ್ಕ.
ಕೂತು ಎದ್ದರೆ ಯಾವೋನು ಕೊಡ್ತಾನೆ?
ಅಲ್ಲಾ, ಎಷ್ಟು ಚಿತ್ರ ಬೇಕು ನಿನ್ನ ಸಿನಿಮಾಕ್ಕೆ?"
"ಮೂರು ಸಾವಿರ."
"ಎಷ್ಟು ದಿನ?"
"ಒಂದೂವರೆ ವರ್ಷ."
ಅವ್ವ ಕೆಮ್ಮು ಬರುವಷ್ಟು ನಕ್ಕಳು.
ಮೂರು ಸಾವಿರ ಅವಳಿಗೆ ಒಂದು ದಿನ,
ಮಧ್ಯೆ ಅಡುಗೆಯೂ ಮುಗಿದಿರುತ್ತದೆ.

ಆಮೇಲೆ ಕೇಳದೆಯೇ ನೋಡತೊಡಗಿದೆ.
ಮೊದಲು ಎಡ ಅಂಗೈ ನೆಲಕ್ಕೆ.
ಮೊಣಕಾಲಿಗೆ ಏನೋ ಒಂದು ಮಾತು ಹೇಳುವಂತೆ
ತುಸು ತಡೆದು, ಬಲಗೈ ಗೋಡೆ ಹುಡುಕುತ್ತದೆ.
ಅಲ್ಲಿ ಸುಣ್ಣದ ಮೇಲೆ ಕಪ್ಪು ಕೈಗುರುತು,
ಎಷ್ಟೋ ವರ್ಷದ್ದು, ಒಂದರ ಮೇಲೊಂದು,
ನನ್ನ ಮೇಜಿನ ಬೆಳಕಲ್ಲಿ
ಹಾಳೆಯಡಿಯ ಹಾಳೆ ಕಂಡಂತೆ.
ಆಮೇಲೆ ಒಂದು ಗಳಿಗೆ
ಕೂತೂ ಇಲ್ಲ, ನಿಂತೂ ಇಲ್ಲ,
ಉಸಿರು ಹಿಡಿದು ಅಲ್ಲೇ ಇರುತ್ತಾಳೆ.
ಇಪ್ಪತ್ತೊಂದು ವರ್ಷ ಒಂದೇ ಸೂರಿನಡಿ ಇದ್ದು
ಆ ಗಳಿಗೆಯನ್ನು ನಾನು ಕಂಡೇ ಇರಲಿಲ್ಲ.

ಸುಹೇಲನಿಗೆ ಹೇಳಿದೆ: ಇಪ್ಪತ್ತೆರಡು ಸಾಲದು.
ನಲವತ್ತೊಂದು ಬೇಕು.
"ಒಂದಜ್ಜಿ ಏಳೋಕೆ ಮೂರೂವರೆ ಸೆಕೆಂಡಾ?
ಜನ ಎದ್ದು ಹೋಗ್ತಾರೆ."
"ಹೋಗೋಕೂ ಏಳಲೇಬೇಕಲ್ಲ," ಅಂದೆ.

ಒಂಬತ್ತು ಉತ್ಸವಗಳಿಗೆ ಕಳಿಸಿದೆವು.
ಎಂಟು, ವಂದನೆ ಹೇಳಿ, ಬೇಡ ಅಂದವು.
ಒಂದು ಇನ್ನೂ ಏನೂ ಅಂದಿಲ್ಲ.

ಮಾರ್ಚಿಯ ಒಂದು ರಾತ್ರಿ ಗಿರಣಿಯ ತಾರಸಿಯಲ್ಲಿ
ಬೆಡ್‌ಶೀಟು ಕಟ್ಟಿದೆವು. ಬೀದಿಯೆಲ್ಲ ಬಂತು.
ಗಿರಣಿಯ ಬೋರಯ್ಯ ತಲೆಗೂದಲ ಹಿಟ್ಟು ಕೊಡವದೆ
ಮುಂದಿನ ಸಾಲಲ್ಲೇ ಕೂತ.
ಗಾಳಿ ಬಂದಾಗ ಅಜ್ಜಿಯ ಮನೆ ಸುಕ್ಕಾಯಿತು,
ನಾಯಿ ಬೊಗಳಿದಾಗ ಕೆಳಗಿನ ನಿಜದ ನಾಯಿ
ಜವಾಬು ಕೊಟ್ಟು ಮಕ್ಕಳು ಬಿದ್ದು ಬಿದ್ದು ನಕ್ಕವು.
ಅವ್ವ ನೀರಿನ ಟ್ಯಾಂಕಿಗೆ ಒರಗಿದ್ದಳು.
ತೆರೆಯ ಮೇಲೆ ಅಜ್ಜಿ ಏಳತೊಡಗಿದಾಗ
ಅವಳ ಎಡ ಅಂಗೈ
ತಾನೇ ತಾನಾಗಿ ನೆಲಕ್ಕೆ ಹೋಯಿತು.

ಹೆಸರುಗಳು ಹತ್ತಿ ಹೋದವು.
ಅವಳು ಓದಲಾರಳು, ಓದಿ ಹೇಳಲೂ ಇಲ್ಲ ನಾನು.
"ಇಷ್ಟೊತ್ತು ಬೇಕಾ ನಂಗೆ ಏಳೋಕೆ?"
ಎಂದಳು, ಯಾರನ್ನೂ ಅಲ್ಲ ಎಂಬಂತೆ.
ಮನೆಗೆ ಹೊರಡಲು ಕೈ ಚಾಚಿದೆ.
"ಬಿಡು," ಎಂದಳು ಅವ್ವ,
ಅಂಗೈ ಊರಿ, ಉಸಿರು ಹಿಡಿದು,
"ಎಣಿಸ್ಕೊ."