ಹಳದಿ ಬಲ್ಬು

ಬೈಕಂಪಾಡಿಯ ಗೋಡಂಬಿ ಫ್ಯಾಕ್ಟರಿಗೆ
ಬಂದ ಹೊಸ ಯಂತ್ರ
ಬೀಜ ಸಿಕ್ಕಿಕೊಂಡರೆ ಕಿರುಚುತ್ತದೆ.
ವಾರಿಜಕ್ಕನಿಗೆ ಕಿವಿ ಕೇಳುವುದಿಲ್ಲ.

ಇಪ್ಪತ್ತೆರಡು ವರ್ಷ
ಬೆರಳ ತುದಿಯಲ್ಲೇ ಇಡಿ, ತುಂಡು, ಹುಳುಕು
ಬೇರೆ ಮಾಡಿದವಳು.
‘ಪ್ಯಾಕಿಂಗಿಗೆ ಹಾಕಿ’ ಎಂದರು ಮೇಲಿನವರು,
ಅವಳನ್ನು ಕೇಳದೆ.

ಕೇಳದವರು ಯಾರೆಂದು
ನನಗೂ ಆಗ ಹೊಳೆಯಲಿಲ್ಲ.

ಮೀಟಿಂಗಿನಲ್ಲಿ ಚಾ ಗ್ಲಾಸು ಹಿಡಿದೇ
ಎದ್ದು ನಿಂತಳು ನೆಬಿಸಾ:
‘ಕಿರುಚುವ ಬದಲು ಅದಕ್ಕೆ
ಕಣ್ಣು ಮಿಟುಕಿಸ್ಲಿಕ್ಕೆ ಬರುದಿಲ್ವಾ?’

ನಾನು ವೈರ್‌ಮನ್.
ಒಂದು ಬಲ್ಬು, ಆರು ಮೀಟರ್ ವೈರು,
ಮಧ್ಯಾಹ್ನದ ಗಂಜಿಯೊಳಗೆ ಮುಗಿಯಿತು.
ಬಿಲ್ಲು ಇನ್ನೂ ಪಾಸಾಗಿಲ್ಲ.

ಈಗ ಹಳದಿ ಬೆಳಕು ಬಿದ್ದರೆ
ಮೊದಲು ಓಡುವವಳು ವಾರಿಜಕ್ಕ.
ಆ ಗದ್ದಲದಲ್ಲಿ ಯಂತ್ರದ ಕೂಗು
ನಮಗೂ ಸರಿಯಾಗಿ ಕೇಳಿಸುತ್ತಿರಲಿಲ್ಲ,
ಹೇಳಲು ನಾಚಿಕೆಯಾಗಿತ್ತು, ಅಷ್ಟೆ.