ತವರ

ಮೊರ್ವೆನ್ನಾಳ ಅಪ್ಪ ನೆಲದಡಿ ಅರ್ಧ ಮೈಲು ಇಳಿದು
ತವರದ ಅದಿರು ಅಗೆಯುತ್ತಿದ್ದನಂತೆ, ಟನ್ನುಗಟ್ಟಲೆ.
ಮಗಳು ನನ್ನೆದುರು ಕೂತು ಎಂಬತ್ತು ಮಿಲಿಗ್ರಾಂ ಬಿಳಿ ಪುಡಿಯನ್ನು
ಉಸಿರು ಬಿಗಿಹಿಡಿದು ಸ್ಫಟಿಕದ ನಳಿಗೆಗೆ ಸುರಿಯುತ್ತಾಳೆ.
ಸೀನಬೇಡ, ಎನ್ನುತ್ತಾಳೆ. ಮೂರು ತಿಂಗಳ ಕೆಲಸ.

ಹಾರ್‌ವೆಲ್. ರಾತ್ರಿ ಪಾಳಿ. ಹೊರಗೆ ಮಂಜು,
ಬೇಲಿಯಾಚೆ ಯಾರದೋ ಕುರಿಗಳ ಕೆಮ್ಮು.
ಒಳಗೆ ಅರ್ಧ ಕಿಲೋಮೀಟರಿನ ಉಂಗುರದಲ್ಲಿ
ಎಲೆಕ್ಟ್ರಾನುಗಳ ಗಾಣ ತಿರುಗುತ್ತಿದೆ;
ಅವು ತಿರುವಿನಲ್ಲಿ ಚೆಲ್ಲಿದ ಬೆಳಕಲ್ಲಿ
ನಾವು ನೋಡಬೇಕಿರುವುದು
ಒಂದು ಪ್ಲಾಟಿನಂ ಪರಮಾಣುವಿನ ಪಕ್ಕ
ಇನ್ನೊಂದು ಪ್ಲಾಟಿನಂ ಇಲ್ಲದಿರುವುದನ್ನು.

ಅಷ್ಟೇ. ಇಲ್ಲದ್ದನ್ನು ನೋಡಲು ನಾಲ್ಕು ಪಾಳಿ ಮಂಜೂರಾಗಿದೆ.

ಪುಡಿಯೆಂದರೆ ಬರೀ ಪುಡಿಯಲ್ಲ, ಜಿಯೋಲೈಟು:
ಕಣ್ಣಿಗೆ ಮೈದಾಹಿಟ್ಟು, ಒಳಗೆ ವಠಾರ,
ಓಣಿಗೆ ಓಣಿ ಸೇರುವಲ್ಲಿ ಒಂದೊಂದು ಖಾಲಿ ಗೂಡು.
ಗೂಡಿಗೊಂದೇ ಪ್ಲಾಟಿನಂ ಕೂರಿಸಿದ್ದೇವೆ.
ಪ್ರೊಪೇನು ಬರುತ್ತದೆ, ಬಾಗುತ್ತದೆ,
ಎರಡು ಜಲಜನಕ ಬಿಚ್ಚಿಟ್ಟು ಹಗುರಾಗಿ ಹೋಗುತ್ತದೆ,
ಸೆಕೆಗೆ ಅಂಗಿಯ ಮೇಲಿನೆರಡು ಗುಂಡಿ ಬಿಚ್ಚಿಕೊಂಡವರ ಹಾಗೆ.
ಚಳಿಯಾದಾಗ ಅದೇ ಪರಮಾಣು
ಗುಂಡಿ ಹಾಕಿಯೂ ಕೊಡುತ್ತದೆ.

ಮೊರ್ವೆನ್ನಾಳ ಬೆರಳಲ್ಲೂ ಪ್ಲಾಟಿನಂ, ಮದುವೆಯದು.
ಕೋಟಿ ಕೋಟಿ ಪರಮಾಣು ಒತ್ತೊತ್ತಾಗಿ, ಹೊರಗಿನ ಗಾಳಿ ಕಾಣದೆ.
"ಎಲ್ಲ ಸೋಮಾರಿಗಳು" ಎಂದು ಕಳಚಿ ಜೇಬಿಗಿಡುತ್ತಾಳೆ.

ಕೂಡಿ ಬಾಳಿದರೆ ಸ್ವರ್ಗಸುಖ ಅನ್ನುತ್ತಾರೆ ನಮ್ಮ ಕಡೆ.
ಇಲ್ಲಿ ಕೂಡಿದವು ಕೆಟ್ಟವು.

ಐನೂರೈವತ್ತು ಡಿಗ್ರಿ. ಗಂಟೆ ಮೂರೂ ನಲವತ್ತು.
ಪರದೆಯ ಮೇಲೆ ಮಟ್ಟಸವಾಗಿದ್ದ ಗೆರೆ
ಎರಡೂಮುಕ್ಕಾಲು ಆಂಗ್‌ಸ್ಟ್ರಾಮಿನ ಹತ್ತಿರ
ಹುಬ್ಬು ಏರಿಸಿತು.
ಭೇಟಿಯಾಗಿಬಿಟ್ಟವು, ಅಂದೆ.
ಕಾವಿಗೆ ಗೂಡು ಬಿಟ್ಟು, ಓಣಿಗಿಳಿದು, ನೆಂಟರ ಮನೆ ಸೇರಿದ್ದವು,
ಆರೋ ಏಳೋ, ಒಂದೇ ಮುದ್ದೆ.
ಅವಳು ಖಾಲಿ ಚಿಪ್ಸಿನ ಪೊಟ್ಟಣ ಮಡಚಿ, ಮತ್ತೆ ಮಡಚಿ,
ಏನೂ ಅನ್ನಲಿಲ್ಲ.

ಎರಡನೇ ನಳಿಗೆ. ಅದೇ ಪುಡಿ,
ಗೂಡಿನ ಗೋಡೆಗೆ ಮಾತ್ರ ಮೊದಲೇ ತವರ ನೆಟ್ಟಿದೆ:
ಪ್ಲಾಟಿನಂ ಅದರ ಕೈ ಹಿಡಿದು ಕೂತಿರಲಿ, ಅಲೆಯದಿರಲಿ ಎಂದು.
ನಮ್ಮಲ್ಲಿ ಈ ಲೋಹಕ್ಕೆ ತವರ ಅನ್ನುತ್ತಾರೆ, ಎಂದು ಹೇಳಿದೆ;
ಕೊನೆಗೊಂದು ಉಕಾರ ಹಚ್ಚಿದರೆ
ಹೆಣ್ಣು ಹುಟ್ಟಿದ ಮನೆ.
ಎರಡನ್ನೂ ಹೇಳಿ ನೋಡಿದಳು. ಆ ಉಕಾರ
ಅವಳ ಬಾಯಲ್ಲಿ ನಿಲ್ಲಲಿಲ್ಲ.
ಕ್ಯಾಂಬೋರ್ನ್, ಅಂದಳು. ನನಗೆ ಎರಡೂ ಅದೇ.

ಐದು ಗಂಟೆ. ಆರು. ಐನೂರೈವತ್ತರಲ್ಲೇ ಇದೆ.
ಗೆರೆ ಮಲಗಿದೆ.
ನಂಬದೆ ಇನ್ನೊಮ್ಮೆ ಅಳೆಯುತ್ತೇವೆ.
ಹಗಲು ಪಾಳಿಯವನು ಕೋಟು ಕಳಚುತ್ತ ಬಾಗಿಲಲ್ಲಿ ನಿಂತಿದ್ದಾನೆ,
ಅವಳು ಜೇಬಿನಲ್ಲಿ ಉಂಗುರ ಹುಡುಕುತ್ತಿದ್ದಾಳೆ.